ಪವರ್‌ಲಿಫ್ಟಿಂಗ್‌ಗೂ ವೇಟ್ ಟ್ರೈನಿಂಗ್‌ಗೂ ಕನ್ನಡದಲ್ಲಿ ಬೇರೆ ಬೇರೆ ಮಾತು ಬೇಕು

ಎಲ್ಲರಿಗೂ ನಮಸ್ಕಾರ.

ನಾವಿರುವುದು ಅಮೆರಿಕದ ಟೆಕ್ಸಸ್‌ನಲ್ಲಿ. ಇಲ್ಲಿ ಹೈಸ್ಕೂಲ್ ಫುಟ್‌ಬಾಲ್ (ಅಮೆರಿಕನ್ ಫುಟ್‌ಬಾಲ್) ಅಂದರೆ ಊರಿಗೆ ಊರೇ ಸೇರುವ ಹಬ್ಬ. ಕನ್ನಡದ ಮನೆಗಳ ಹುಡುಗರೂ ಈಗೀಗ ತಂಡಕ್ಕೆ ಸೇರುತ್ತಿದ್ದಾರೆ. ಸೇರಿದ ಮೇಲೆ ಮೈದಾನದಷ್ಟೇ ಹೊತ್ತು ಶಾಲೆಯ ವೇಟ್ ರೂಮಿನಲ್ಲೂ ಕಳೆಯುತ್ತಾರೆ. ಅಲ್ಲಿ ಏನು ನಡೆಯುತ್ತೆ, ಯಾಕೆ ನಡೆಯುತ್ತೆ ಅಂತ ಅಪ್ಪ ಅಮ್ಮಂದಿರಿಗೂ ಊರಿಂದ ಬಂದ ಅಜ್ಜ ಅಜ್ಜಿಯರಿಗೂ ತಿಳಿಯುವ ಹಾಗೆ ಕನ್ನಡದಲ್ಲಿ ಬರೆದುಕೊಡಿ ಅಂತ ಗೆಳೆಯರು ಕೇಳಿದರು. 'ಹುಡುಗರು ಭಾರ ಎತ್ತುತ್ತಾರೆ' ಅಂತ ಶುರು ಮಾಡಿದೆ. ಮುಂದಿನ ಸಾಲಿಗೇ ಆ ಮಾತು ಸಾಲದಾಯಿತು.

ಯಾಕೆ ಅಂದರೆ, 'ಭಾರ ಎತ್ತುವುದು' ಅನ್ನುವ ಒಂದೇ ಮಾತಿನ ಕೆಳಗೆ ನಾವು ನಾಲ್ಕು ಸಂಗತಿ ತುಂಬಿದ್ದೇವೆ. ಒಂದು, ವೇಟ್‌ಲಿಫ್ಟಿಂಗ್. ಇದು ಒಲಿಂಪಿಕ್ಸ್‌ನಲ್ಲಿರುವ ಆಟ. ರಾಡನ್ನು ನೆಲದಿಂದ ತಲೆಯ ಮೇಲಕ್ಕೆ ಎತ್ತಿ ನಿಲ್ಲಬೇಕು. ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕೂಟದಲ್ಲಿ 56 ಕೆ.ಜಿ. ವಿಭಾಗದ ಬೆಳ್ಳಿ ಗೆದ್ದದ್ದು ಇದರಲ್ಲಿ. ಎರಡನೆಯದು ಪವರ್‌ಲಿಫ್ಟಿಂಗ್. ಇದು ಒಲಿಂಪಿಕ್ಸ್‌ನಲ್ಲಿಲ್ಲ. ಇದರ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿದ್ದು 1972ರಲ್ಲಿ. ಸ್ಕ್ವಾಟ್ (ರಾಡ್ ಹೆಗಲಿಗಿಟ್ಟು ಕೂತು ಏಳುವುದು), ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ರಾಡನ್ನು ಎದೆಯಿಂದ ಮೇಲಕ್ಕೆ ತಳ್ಳುವುದು), ಡೆಡ್‌ಲಿಫ್ಟ್ (ನೆಲದ ಮೇಲಿನ ರಾಡನ್ನು ಎತ್ತಿ ನಿಲ್ಲುವುದು) ಅಂತ ಮೂರು ಬಗೆ, ಒಂದೊಂದಕ್ಕೂ ಮೂರು ಅವಕಾಶ. ಮೂರು ಬಗೆಯಲ್ಲೂ ಎತ್ತಿದ ಅತಿ ಹೆಚ್ಚಿನ ಭಾರ ಕೂಡಿಸಿದರೆ ಆಟಗಾರನ ಒಟ್ಟು ಲೆಕ್ಕ. ಮೂರನೆಯದು ಬಾಡಿಬಿಲ್ಡಿಂಗ್. ಪತ್ರಿಕೆಗಳು ಇದಕ್ಕೆ 'ದೇಹದಾರ್ಢ್ಯ ಸ್ಪರ್ಧೆ' ಅನ್ನುತ್ತವೆ, ಆ ಹೆಸರು ನಿಂತುಬಿಟ್ಟಿದೆ. ನಾಲ್ಕನೆಯದು, ಅಂದರೆ ವೇಟ್ ಟ್ರೈನಿಂಗ್, ಇವು ಯಾವುದೂ ಅಲ್ಲ. ಬೇರೊಂದು ಆಟಕ್ಕೋ ಆರೋಗ್ಯಕ್ಕೋ ಅಂತ ಮೈಗೆ ಕಸುವು ತುಂಬಿಸಿಕೊಳ್ಳಲು ಭಾರ ಬಳಸುವುದು. ಫುಟ್‌ಬಾಲ್ ಹುಡುಗರು ವರ್ಷಪೂರ್ತಿ ಮಾಡುವುದು ಈ ನಾಲ್ಕನೆಯದನ್ನು. ಆದರೆ ಅದಕ್ಕೇ ನಮ್ಮಲ್ಲಿ ಹೆಸರಿಲ್ಲ.

ಇದು ಬರೀ ಪದದ ಚಪಲ ಅಂದುಕೊಳ್ಳಬೇಡಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2008ರಲ್ಲಿ ಹೊರಡಿಸಿದ ಸಲಹೆಯಲ್ಲಿ ಈ ಗೆರೆ ಸ್ಪಷ್ಟವಾಗಿತ್ತು. ಬಲ್ಲವರ ಕಣ್ಣೆದುರು, ಸರಿಯಾದ ರೀತಿಯಲ್ಲಿ, ಹಗುರದಿಂದ ಶುರು ಮಾಡಿ ಭಾರ ಬಳಸಿದರೆ ಮಕ್ಕಳಿಗೆ ತೊಂದರೆಯಿಲ್ಲ, ಎತ್ತರ ಬೆಳೆಯುವುದೂ ನಿಲ್ಲುವುದಿಲ್ಲ. ಆದರೆ ಪವರ್‌ಲಿಫ್ಟಿಂಗ್, ಬಾಡಿಬಿಲ್ಡಿಂಗ್, ಒಂದೇ ಸಲಕ್ಕೆ ಆದಷ್ಟೂ ಎತ್ತಿ ನೋಡುವುದು, ಇವು ಮೂಳೆ ಪೂರ್ತಿ ಬಲಿಯುವ ತನಕ ಬೇಡ. ಆಮೇಲೆ 2020ರಲ್ಲಿ ಹೊಸ ವರದಿ ಬಂತು. ಮೇಲ್ವಿಚಾರಣೆ ಇದ್ದರೆ ಇಂಥ ತರಬೇತಿ ಮಕ್ಕಳಿಗೂ ಹದಿಹರೆಯದವರಿಗೂ ಒಳ್ಳೆಯದೇ ಅಂತ ಅದೂ ಒತ್ತಿ ಹೇಳಿತು. ಈಗ 2008ರ ಸಲಹೆಯನ್ನೇ ಕನ್ನಡಕ್ಕೆ ತನ್ನಿ. 'ಮಕ್ಕಳು ಭಾರ ಎತ್ತಬಹುದು, ಆದರೆ ಭಾರ ಎತ್ತಬಾರದು' ಅಂತಾಗುತ್ತೆ! ಒಬ್ಬ ತಾಯಿ ಇದನ್ನು ಓದಿ ಮಗನನ್ನು ಬಿಡಿಸಿಬಿಡಬಹುದು. ಇನ್ನೊಬ್ಬರು ಎಲ್ಲದಕ್ಕೂ ಸರಿ ಅಂದುಬಿಡಬಹುದು. ಹಾಗಾಗಿ ಬೇರೆ ಬೇರೆ ಹೆಸರು ಬೇಕೇ ಬೇಕು ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ತೊಡಕು 'ಹೈಸ್ಕೂಲ್' ಅನ್ನುವ ಮಾತಿನಲ್ಲೇ ಇದೆ. ನಮ್ಮಲ್ಲಿ ಹೈಸ್ಕೂಲ್ ಅಂದರೆ ಎಂಟರಿಂದ ಹತ್ತನೇ ತರಗತಿ. ಇಲ್ಲಿ ಒಂಬತ್ತರಿಂದ ಹನ್ನೆರಡು. ನೂರೈವತ್ತು ಕೆ.ಜಿ. ಹೊತ್ತು ಬಸ್ಕಿ ಹೊಡೆಯುವ ಹುಡುಗ ಹದಿನೇಳು ಹದಿನೆಂಟರವನು, ನಮ್ಮ ಪಿಯುಸಿ ವಯಸ್ಸು. ಇದನ್ನು ಹೇಳದೆ ಹೋದರೆ ಊರಲ್ಲಿ ಓದುವವರ ಕಣ್ಣ ಮುಂದೆ ಚಡ್ಡಿ ಹಾಕಿದ ಹುಡುಗ ನಿಲ್ಲುತ್ತಾನೆ. ಫುಟ್‌ಬಾಲ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಇದು ಕಾಲ್ಚೆಂಡಲ್ಲ, ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಓಡುವ ಆಟ. 'ಅಮೆರಿಕನ್ ಫುಟ್‌ಬಾಲ್' ಅಂದರೆ ಸಾಕು.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಪವರ್‌ಲಿಫ್ಟಿಂಗ್‌ಗೆ 'ಶಕ್ತಿ ಎತ್ತುವಿಕೆ' ಅಂತಲೋ 'ಬಲ ಎತ್ತುವಿಕೆ' ಅಂತಲೋ ಅನುವಾದ ಮಾಡುವುದನ್ನು ದಯವಿಟ್ಟು ಬಿಡೋಣ. ಮೊದಲನೆಯದಾಗಿ ಯಾರೂ ಶಕ್ತಿಯನ್ನು ಎತ್ತುವುದಿಲ್ಲ. ಎರಡನೆಯದಾಗಿ, ನಮ್ಮ ಶಾಲಾ ಪುಸ್ತಕಗಳಲ್ಲಿ ಫೋರ್ಸ್‌ಗೆ ಬಲ, ಎನರ್ಜಿಗೆ ಶಕ್ತಿ, ಪವರ್‌ಗೆ ಸಾಮರ್ಥ್ಯ ಅಂತ ಗೊತ್ತುಮಾಡಿಕೊಂಡಿದ್ದೇವೆ, ಹಾಗಾಗಿ ಪವರ್‌ಗೆ ಶಕ್ತಿಯೂ ಬಲವೂ ಹೊಂದುವುದಿಲ್ಲ. ಮೂರನೆಯ ಕಾರಣ ಇನ್ನೂ ಗಟ್ಟಿ. ಹೆಸರಲ್ಲಿ ಪವರ್ ಇದ್ದರೂ ಈ ಆಟ ಅಳೆಯುವುದು ಪವರ್ ಅಲ್ಲ. ಪವರ್ ಅಂದರೆ ಕೆಲಸವನ್ನು ಎಷ್ಟು ಬೇಗ ಮಾಡುತ್ತೀರಿ ಅನ್ನುವುದು. ಪವರ್‌ಲಿಫ್ಟಿಂಗ್‌ನಲ್ಲಿ ಬೇಗಕ್ಕೆ ಬೆಲೆಯಿಲ್ಲ. ರಾಡ್ ಒಂದು ಸೆಕೆಂಡಿನಲ್ಲಿ ಮೇಲೆ ಬಂದರೂ ಐದು ಸೆಕೆಂಡಿನಲ್ಲಿ ಬಂದರೂ ಲೆಕ್ಕ ಒಂದೇ. ಮೂವರು ತೀರ್ಪುಗಾರರಲ್ಲಿ ಇಬ್ಬರು ಸರಿ ಅಂತ ಬಿಳಿ ದೀಪ ಹಾಕಿದರೆ ಆಯಿತು.

ಫುಟ್‌ಬಾಲ್ ಕೋಚ್‌ಗಳಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಆಟದ ಒಂದೊಂದು ತುಂಡೂ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಎದುರಿನ ಲೈನ್‌ಮನ್ (ಮುಂದಿನ ಸಾಲಿನಲ್ಲಿ ನಿಂತು ತಳ್ಳಾಡುವ ಆಟಗಾರ) ಮೇಲೆ ಬೀಳುವ ಹೊತ್ತಿಗೆ ನಿಧಾನವಾಗಿ ಕಸುವು ಒಟ್ಟುಮಾಡಿಕೊಳ್ಳಲು ಯಾರೂ ಬಿಡುವುದಿಲ್ಲ. ಅದಕ್ಕೇ ಅವರು ಹುಡುಗರಿಗೆ ಮೊದಲು ಸ್ಕ್ವಾಟ್‌ನಲ್ಲಿ ಕಸುವು ಕೂಡಿಸಿ, ಜೊತೆಗೇ ಪವರ್ ಕ್ಲೀನ್ (ನೆಲದ ರಾಡನ್ನು ಒಮ್ಮೆಲೇ ಹೆಗಲ ಮಟ್ಟಕ್ಕೆ ತರುವುದು), ಜಿಗಿತ, ಸಣ್ಣ ಓಟ ಮಾಡಿಸುತ್ತಾರೆ. ಇಲ್ಲಿ ನನಗೆ ಹೊಳೆದ ಮೂರು ಮಾತು: ಸ್ಟ್ರೆಂತ್‌ಗೆ ಕಸುವು, ಪವರ್‌ಗೆ ಬಿರುಸು, ಕೊನೆಯ ತನಕ ತಾಳುವುದಕ್ಕೆ ದಮ್ಮು. ಮೂರೂ ಆಡುಮಾತಿನಲ್ಲಿ ಜೀವಂತ ಇವೆ. ನೆಲದ ಕಸುವು ಅನ್ನುತ್ತೇವೆ, ಮಳೆಯ ಬಿರುಸು ಅನ್ನುತ್ತೇವೆ, ದಮ್ಮು ಕಟ್ಟಿ ಓಡಿದ ಅನ್ನುತ್ತೇವೆ. ಒಂದಕ್ಕೊಂದು ಕಲಸಿಕೊಳ್ಳುವುದಿಲ್ಲ. 'ಅವನಿಗೆ ಕಸುವಿದೆ, ಬಿರುಸು ಸಾಲದು' ಅಂತ ಕೋಚ್ ಹೇಳಿದರೆ ಯಾವ ಅಜ್ಜನಿಗೂ ಅರ್ಥವಾಗುತ್ತೆ ಅಲ್ವಾ?

ಹಾಗಾದರೆ ಆಟದ ಹೆಸರು ಪವರ್‌ಲಿಫ್ಟಿಂಗ್ ಅಂತಲೇ ಇರಲಿ. ನಾಲ್ಕನೆಯ ಸಂಗತಿಗೆ 'ಭಾರದ ಸಾಮು' ಅಂದರೆ ಹೇಗೆ? ಗರಡಿಯಲ್ಲಿ ಸಾಮು ಮಾಡುವುದು ಅಂದರೆ ಮುಂದಿನ ಕಾದಾಟಕ್ಕೆ ಮೈ ಪಳಗಿಸುವುದು. ಸಾಮೇ ಗುರಿಯಲ್ಲ, ಕುಸ್ತಿ ಗುರಿ. ಇಲ್ಲೂ ಅಷ್ಟೇ, ರಾಡ್ ಗುರಿಯಲ್ಲ, ಫುಟ್‌ಬಾಲ್ ಗುರಿ. 'ಕಸರತ್ತು' ಅನ್ನಬಹುದಿತ್ತು. ಆದರೆ ಪತ್ರಿಕೆಗಳಲ್ಲಿ ಆ ಪದ ಈಗ ಸರ್ಕಾರ ಉಳಿಸುವ ಕಸರತ್ತು, ಟಿಕೆಟ್ ಹಂಚುವ ಕಸರತ್ತು ಅಂತ ರಾಜಕೀಯಕ್ಕೆ ಹೋಗಿಬಿಟ್ಟಿದೆ. 'ವ್ಯಾಯಾಮ' ಅಂದರೆ ಬೆಳಗಿನ ನಡಿಗೆಯೂ ಬಂತು. ಸಾಮು ಇನ್ನೂ ತನ್ನ ಅರ್ಥ ಉಳಿಸಿಕೊಂಡಿದೆ.

ಒಂದೊಂದು ಬಗೆಯ ಹೆಸರಿಗೆ ಬಂದರೆ, ಸ್ಕ್ವಾಟ್ ಸುಲಭ ಅನ್ನಿಸುತ್ತದೆ. ನಮ್ಮ ತಂದೆ ಮೈಸೂರಿನವರು, ಹುಡುಗರಾಗಿದ್ದಾಗ ಗರಡಿಗೆ ಹೋಗಿದ್ದವರು. ಮೊಮ್ಮಗನ ವಿಡಿಯೋ ನೋಡಿದವರೇ 'ಇದು ಬಸ್ಕಿ ಕಣೋ ಪುಟ್ಟ, ಆದರೆ ಹಿಮ್ಮಡಿ ಯಾಕೆ ಎತ್ತಿಲ್ಲ?' ಅಂದರು. ಒಂದೇ ನೋಟಕ್ಕೆ ವ್ಯತ್ಯಾಸ ಹಿಡಿದಿದ್ದರು. ಗರಡಿಯ ಬಸ್ಕಿಯಲ್ಲಿ ಹಿಮ್ಮಡಿ ಎದ್ದು ಮೈ ಪೂರ್ತಿ ಕೆಳಗೆ ಹೋಗುತ್ತದೆ, ಲಯ ಹಿಡಿದು ನೂರಾರು ಹೊಡೆಯುತ್ತಾರೆ. ಇಲ್ಲಿ ಪಾದ ನೆಲಕ್ಕೆ ಅಂಟಿಕೊಂಡೇ ಇರುತ್ತದೆ. ಹೆಗಲ ಮೇಲೆ ರಾಡ್. ತೊಡೆಸಂದು ಮಂಡಿಯ ಮೇಲ್ಭಾಗಕ್ಕಿಂತ ಕೆಳಗೆ ಇಳಿಯಬೇಕು, ಇಳಿಯದಿದ್ದರೆ ಕೆಂಪು ದೀಪ. 'ಭಾರದ ಬಸ್ಕಿ' ಅಂತ ಕರೆದರೆ ಎರಡೂ ಬೇರೆಯಾಗುತ್ತವೆ. ಪೂರ್ತಿ ಇಳಿಯದ್ದಕ್ಕೆ 'ಅರೆಬಸ್ಕಿ' ಅನ್ನಬಹುದು. ಹೈಸ್ಕೂಲ್ ಹುಡುಗರಿಗೆ ಎಲ್ಲ ಕೋಚ್‌ಗಳೂ ಬೈಯುವುದು ಈ ಅರೆಬಸ್ಕಿಗೇ. ಭಾರ ಜಾಸ್ತಿ ಹಾಕಿಕೊಳ್ಳುತ್ತಾರೆ, ಕಾಲುಭಾಗ ಇಳಿದು ಎದ್ದುಬಿಡುತ್ತಾರೆ. ಒಂದು ಅನುಮಾನ ಮಾತ್ರ ಉಳಿದಿದೆ. ನಮ್ಮ ಎಷ್ಟೋ ಜನರಿಗೆ ಬಸ್ಕಿ ಅಂದರೆ ಮೇಷ್ಟ್ರು ಕೊಡುವ ಶಿಕ್ಷೆ, ಇಲ್ಲವೇ ಗಣಪನ ಮುಂದೆ ಕಿವಿ ಹಿಡಿದುಕೊಂಡು ಹೊಡೆಯುವುದು. ಆ ನೆನಪು ಅಡ್ಡ ಬರುತ್ತದೆಯೇ?

ಬೆಂಚ್ ಪ್ರೆಸ್ ಹಾಗೇ ಇರಲಿ. ಅದಕ್ಕೆ ಗರಡಿಯಲ್ಲಿ ಸಮನಾದದ್ದು ನನಗೆ ಕಾಣಲಿಲ್ಲ. ದಂಡ ಹೊಡೆಯುವಾಗ ಮುಖ ನೆಲದ ಕಡೆ, ಇಲ್ಲಿ ಮುಖ ಸೂರಿನ ಕಡೆ.

ಡೆಡ್‌ಲಿಫ್ಟ್‌ಗೆ ನನ್ನ ಮನಸ್ಸು ಒಂದು ಪದದ ಹತ್ತಿರ ಹೋಗಿ ನಿಲ್ಲುತ್ತದೆ: ಹೆಣಭಾರ. ಅಲುಗಾಡದೆ ನೆಲದ ಮೇಲೆ ಬಿದ್ದಿರುವುದನ್ನು ಯಾವ ತೂಗಾಟದ ನೆರವೂ ಇಲ್ಲದೆ ಎತ್ತುವುದು, ಡೆಡ್‌ಲಿಫ್ಟ್ ಅಂದರೆ ಅದೇ. ಹೆಣಭಾರ ಅಂದರೂ ಅದೇ. ಆದರೆ ಮಕ್ಕಳ ವಿಷಯ ಬರೆಯುವಾಗ ಮನೆಯ ಹಿರಿಯರು ಆ ಪದವನ್ನು ಒಪ್ಪುವುದಿಲ್ಲ, ಒಪ್ಪಬೇಕು ಅಂತ ಹೇಳುವುದೂ ಸರಿಯಲ್ಲ. 'ನೆಲಭಾರ' ಅಂತ ಬರೆದು ನೋಡಿದೆ. 'ನೆಲಭಾರ ಎತ್ತಿದ' ಅಂದರೆ ಎಲ್ಲಿಂದ ಎತ್ತಿದ ಅನ್ನುವುದು ಗೊತ್ತಾಗುತ್ತದೆ. 'ನೆಲದೆತ್ತು' ಅಂತ ಯಾರೋ ಸೂಚಿಸಿದರು, ಆದರೆ 'ಎತ್ತು' ಹೆಸರಿನ ಜಾಗದಲ್ಲಿ ಬಂದ ಕೂಡಲೇ ಉಳುವ ಎತ್ತು ಎದುರಿಗೆ ಬರುತ್ತದೆ.

ಪವರ್ ಕ್ಲೀನ್ ವಿಷಯದಲ್ಲಿ ಉತ್ತರ ಕರ್ನಾಟಕದವರ ಸಹಾಯ ಬೇಕು. ರಾಡನ್ನು ನೆಲದಿಂದ ಒಂದೇ ಬಿರುಸಿಗೆ ಹೆಗಲ ಮಟ್ಟಕ್ಕೆ ತಂದು, ಮುಂಭಾಗದಲ್ಲಿ ಹಿಡಿದು ನಿಲ್ಲುವುದು ಇದು. ಬಾಗಲಕೋಟೆ, ವಿಜಯಪುರ ಕಡೆ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವುದು, ಗುಂಡುಕಲ್ಲು ಎತ್ತುವುದು, ಚೀಲ ಎತ್ತುವುದು ಇದೆಯಲ್ಲ, ಅಲ್ಲಿ ಕಲ್ಲು ಮೊದಲು ತೊಡೆಗೆ, ಆಮೇಲೆ ಎದೆಗೆ, ಆಮೇಲೆ ಹೆಗಲಿಗೆ ಏರುತ್ತದೆ. ಈ ಒಂದೊಂದು ಹಂತಕ್ಕೂ ಅಲ್ಲಿನ ಪೈಲ್ವಾನರು ಒಂದೊಂದು ಮಾತು ಇಟ್ಟುಕೊಂಡಿರಲೇಬೇಕು. ಎದೆಗೇರಿಸುವುದಕ್ಕೆ ಏನನ್ನುತ್ತಾರೆ?

ಅಚ್ಚರಿಯ ಸಂಗತಿ ಅಂದರೆ, ಫುಟ್‌ಬಾಲ್ ಹುಡುಗರಿಗೆ ಭಾರ ಕೊಡುವುದೇ ತಪ್ಪು ಅಂತ ಅಮೆರಿಕದಲ್ಲೂ ಬಹಳ ಕಾಲ ನಂಬಿದ್ದರು. ಭಾರ ಎತ್ತಿದರೆ ಮೈ ಗಟ್ಟಿಯಾಗಿ ಓಡಲು ಬಾಗಲು ಆಗುವುದಿಲ್ಲ ಅನ್ನುವುದು ಕೋಚ್‌ಗಳ ಹೆದರಿಕೆ. ಅದನ್ನು ಮುರಿದವರಲ್ಲಿ ದೊಡ್ಡ ಹೆಸರು ಆಲ್ವಿನ್ ರಾಯ್. ಲೂಯಿಸಿಯಾನದ ಬ್ಯಾಟನ್ ರೂಜ್ ಊರಿನ ಇಸ್ಟ್ರೂಮಾ ಹೈಸ್ಕೂಲ್‌ನ ತಂಡಕ್ಕೆ 1955ರಲ್ಲಿ ಅವರು ಭಾರದ ಸಾಮು ಮಾಡಿಸಿದರು. ಆ ವರ್ಷ ತಂಡ ಒಂದೂ ಪಂದ್ಯ ಸೋಲದೆ ರಾಜ್ಯದ ಪಟ್ಟ ಗೆದ್ದಿತು. ಅದೇ ತಂಡದ ಬಿಲ್ಲಿ ಕ್ಯಾನನ್, ದಪ್ಪಗಿದ್ದೂ ಬಾಣದ ಹಾಗೆ ಓಡುತ್ತಿದ್ದವನು, 1959ರಲ್ಲಿ ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ಪ್ರಶಸ್ತಿಯಾದ ಹೈಸ್ಮನ್ ಪಡೆದ. ಆಲ್ವಿನ್ ರಾಯ್ 1963ರಲ್ಲಿ ಸ್ಯಾನ್ ಡಿಯಾಗೋ ಚಾರ್ಜರ್ಸ್ ಅನ್ನುವ ವೃತ್ತಿಪರ ಫುಟ್‌ಬಾಲ್ ತಂಡಕ್ಕೆ ಹೋದರು. 1969ರಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯ ಬಾಯ್ಡ್ ಎಪ್ಲಿ ಅವರನ್ನು ಇದೇ ಕೆಲಸಕ್ಕೆ ಇಟ್ಟುಕೊಂಡಿತು. 1978ರಲ್ಲಿ ಅವರ ಮುಂದಾಳತ್ವದಲ್ಲಿ ಇಂಥ ಕೋಚ್‌ಗಳ ಸಂಘವೇ ಹುಟ್ಟಿತು. ಆ ಹಳೆಯ ಹೆದರಿಕೆಗೆ ಇಂಗ್ಲಿಷಿನಲ್ಲಿ 'ಮಸಲ್ ಬೌಂಡ್' ಅನ್ನುತ್ತಿದ್ದರು. ಕನ್ನಡದಲ್ಲಿ 'ಮೈ ಸೆಟೆದುಕೊಳ್ಳುವುದು' ಅಂದರೆ ಹತ್ತಿರ ಬರುತ್ತದೆ. 'ಕಟ್ಟುಮಸ್ತು' ಹೊಗಳಿಕೆ, ಇದು ದೂರು. ಹಳೆಯ ಉಸ್ತಾದರು ಶಿಷ್ಯನ ಮೈ ಹೀಗಾದರೆ ಏನು ಹೇಳುತ್ತಿದ್ದರು ಅನ್ನುವುದು ನಿಮ್ಮಲ್ಲಿ ಯಾರಿಗಾದರೂ ನೆನಪಿದ್ದರೆ ಬಹಳ ಉಪಕಾರವಾಗುತ್ತೆ.

ಕ್ರಿಯಾಪದದ ಮಾತೂ ಸ್ವಲ್ಪ ಇದೆ. ಬೆಂಗಳೂರಿನ ಜಿಮ್‌ಗಳಲ್ಲಿ ಯಾರೂ 'ಎಷ್ಟು ಎತ್ತುತ್ತೀಯ' ಅನ್ನುವುದಿಲ್ಲ. 'ಬೆಂಚ್ ಎಷ್ಟು ಹೊಡೀತೀಯ' ಅನ್ನುತ್ತಾರೆ. ಬಸ್ಕಿ ಹೊಡೆ, ದಂಡ ಹೊಡೆ, ಇದು ಅದೇ ಜಾಡು. ಬರಹದಲ್ಲೂ 'ಹೊಡೆ' ಬಳಸಲು ನನಗೆ ಸಂಕೋಚವಿಲ್ಲ. ರೆಪ್, ಸೆಟ್‌ಗಳಿಗೆ 'ಸಲ', 'ಸುತ್ತು' ಸಾಕು. 'ಐದು ಸಲದಂತೆ ಐದು ಸುತ್ತು' ಅಂದರೆ ಫುಟ್‌ಬಾಲ್ ಹುಡುಗರ ಹಳೆಯ ಫೈವ್ ಬೈ ಫೈವ್ ಪದ್ಧತಿ ಪೂರ್ತಿ ಹೇಳಿದಂತಾಯಿತು. ಭಾರವನ್ನು ಇಲ್ಲಿನ ಹುಡುಗರು ಪೌಂಡಿನಲ್ಲೂ ಹೇಳುವುದು ಕಡಿಮೆ, ರಾಡಿನ ಎರಡು ತುದಿಗೆ ಹಾಕುವ ಪ್ಲೇಟ್ ಲೆಕ್ಕದಲ್ಲಿ ಹೇಳುತ್ತಾರೆ. ರಾಡ್ 45 ಪೌಂಡ್, ದೊಡ್ಡ ಪ್ಲೇಟೂ 45 ಪೌಂಡ್. ಆ ಕಡೆ ಈ ಕಡೆ ಎರಡೆರಡು ಪ್ಲೇಟ್ ಅಂದರೆ 225 ಪೌಂಡ್, ನಮ್ಮ ಲೆಕ್ಕದಲ್ಲಿ ಸುಮಾರು 102 ಕೆ.ಜಿ. ಮೂರು ಮೂರು ಅಂದರೆ 315, ಹತ್ತಿರ ಹತ್ತಿರ 143 ಕೆ.ಜಿ. ನನ್ನ ಬರಹದಲ್ಲಿ ಕೆ.ಜಿ.ಯನ್ನೇ ಇಟ್ಟಿದ್ದೇನೆ.

ಬೆಂಚ್‌ನ ಹಿಂದೆ ನಿಂತು ರಾಡ್ ಬೀಳದಂತೆ ಕಾಯುವವನಿಗೆ ಮಾತ್ರ ಒಳ್ಳೆಯ ಪದ ಬೇಕೇ ಬೇಕು, ಯಾಕೆಂದರೆ ಅವನಿಲ್ಲದೆ ಹುಡುಗ ಬೆಂಚ್ ಮೇಲೆ ಮಲಗಲೇಬಾರದು. ಗೆಳೆಯರ ನಡುವೆ 'ಸಪೋರ್ಟ್ ಕೊಡು' ಅನ್ನುವುದು ರೂಢಿ. 'ಆಸರೆಗೆ ನಿಲ್ಲುವವನು' ಅಂತ ನಾನು ಬರೆದಿದ್ದೇನೆ. ಇನ್ನೂ ಚಿಕ್ಕದು ಸಿಕ್ಕರೆ ಬದಲಿಸುತ್ತೇನೆ.

ಕೊನೆಯದಾಗಿ ವೇಟ್ ರೂಮು. ಗರಡಿ ಅನ್ನೋಣ ಅಂದರೆ ಕೆಮ್ಮಣ್ಣಿಲ್ಲ, ಹನುಮಂತನಿಲ್ಲ, ಚಪ್ಪಲಿ ಹೊರಗೆ ಬಿಡುವುದೂ ಇಲ್ಲ. ತುಳುನಾಡಿನವರಿಗಂತೂ ಗರಡಿ ಅಂದರೆ ಕೋಟಿ ಚೆನ್ನಯರ ಗುಡಿ. ಆದರೂ 'ಇಂಥವರ ಗರಡಿಯಲ್ಲಿ ಪಳಗಿದವನು' ಅಂತ ಹಾಡುಗಾರರಿಗೂ ರಾಜಕಾರಣಿಗಳಿಗೂ ಹೇಳುವ ನಾವು, ನಿಜವಾಗಿಯೂ ಮೈ ಪಳಗಿಸುವ ಜಾಗಕ್ಕೆ ಆ ಪದ ಕೊಡಲು ಯಾಕೆ ಹಿಂಜರಿಯಬೇಕು? ಟೆಕ್ಸಸ್‌ನಲ್ಲಿ ಫುಟ್‌ಬಾಲ್ ಮುಗಿದ ಮೇಲೆ, ಚಳಿಗಾಲದಿಂದ ಮಾರ್ಚ್‌ವರೆಗೆ, ಶಾಲೆಗಳ ಪವರ್‌ಲಿಫ್ಟಿಂಗ್ ಪಂದ್ಯಗಳು ನಡೆಯುತ್ತವೆ. ಹುಡುಗರಿಗೊಂದು ಸಂಘ, ಹುಡುಗಿಯರಿಗೊಂದು ಸಂಘ. ಲೈನ್‌ಮನ್‌ಗಳು ಹಿಂಡುಹಿಂಡಾಗಿ ಅಲ್ಲಿಗೆ ಹೋಗುತ್ತಾರೆ. 'ನಮ್ಮ ಶಾಲೆಯ ಗರಡಿಯಿಂದ ಇಷ್ಟು ಹುಡುಗರು' ಅಂತ ಬರೆದಾಗ ನನಗಂತೂ ಅದು ಸಹಜವಾಗಿ ಕೇಳಿಸಿತು.

ನಿಮ್ಮ ಊರಿನ ಮಾತು ಏನೇ ಇರಲಿ, ಊರಿನ ಹೆಸರಿನ ಜೊತೆ ಬರೆಯಿರಿ. ಮುಖ್ಯವಾಗಿ ಬೇಕಿರುವುದು ಎದೆಗೇರಿಸುವುದಕ್ಕೆ, ಮೈ ಸೆಟೆದುಕೊಳ್ಳುವುದಕ್ಕೆ, ಆಸರೆಗೆ ನಿಲ್ಲುವವನಿಗೆ. 'ನೆಲಭಾರ' ಕಿವಿಗೆ ಒರಟಾಗಿದ್ದರೆ ಅದನ್ನೂ ಹೇಳಿ. ಮುಂದಿನ ಋತು ಆಗಸ್ಟ್‌ನಲ್ಲಿ ಶುರುವಾಗುತ್ತದೆ, ಅದಕ್ಕೆ ಮೊದಲು ಈ ಪುಟಗಳು ಮನೆಗಳಿಗೆ ತಲುಪಬೇಕು.