ಬೇಸ್‌ಬಾಲ್: ಹೊಡೆದಿದ್ದೆಲ್ಲ ಎಡಗಡೆ ನೆಲಕ್ಕೇ ಉರುಳುತ್ತಿದೆ, ಏನು ಮಾಡಲಿ?

ಪ್ರಶ್ನೆ (ಕೋಲಾರ)
ನಮಸ್ಕಾರ. ಚಿಕ್ಕಂದಿನಿಂದ ಕ್ರಿಕೆಟ್ ಆಡಿದವನು, ಎರಡು ತಿಂಗಳಿಂದ ಕಾಲೇಜಲ್ಲಿ ಬೇಸ್‌ಬಾಲ್. ಬಲಗೈ ಬ್ಯಾಟಿಂಗ್. ಚೆಂಡು ಬ್ಯಾಟಿಗೆ ಸಿಗುತ್ತದೆ, ಆದರೆ ಎಲ್ಲವೂ ಎಡಗಡೆ ಉರುಳಿಕೊಂಡು ಹೋಗುತ್ತವೆ, ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಆರಾಮಾಗಿ ಹಿಡಿದು ಫಸ್ಟ್ ಬೇಸ್‌ಗೆ ಎಸೆಯುತ್ತಾನೆ, ನಾನು ಔಟ್. ಬ್ಯಾಟ್ ಬದಲಾಯಿಸಬೇಕಾ?

ಉತ್ತರ (ತುಮಕೂರು)
ಬ್ಯಾಟ್ ಬಿಡಿ, ಮಣಿಕಟ್ಟು ನೋಡಿಕೊಳ್ಳಿ. ಕ್ರಿಕೆಟ್‌ನಿಂದ ಬಂದಾಗ ನನಗೂ ಹೀಗೇ ಆಗಿತ್ತು. ಅಲ್ಲಿ ಕ್ಯಾಚ್ ಆಗದಿರಲಿ ಅಂತ ಮಣಿಕಟ್ಟು ಹೊರಳಿಸಿ ಚೆಂಡನ್ನು ನೆಲಕ್ಕೆ ಒತ್ತುತ್ತೇವೆ, ಅದು ಕೈಯಲ್ಲಿ ಕೂತುಬಿಟ್ಟಿರುತ್ತದೆ. ಇಲ್ಲಿ ಬ್ಯಾಟ್ ಉರುಟು, ಅಮೆರಿಕದ ದೊಡ್ಡ ಟೂರ್ನಿ ಮೇಜರ್ ಲೀಗ್ ನಿಯಮದಲ್ಲೂ ದಪ್ಪ 2.61 ಇಂಚು ಮೀರುವಂತಿಲ್ಲ, ಹಾಗಾಗಿ ಸ್ವಲ್ಪ ಬೇಗ ಹೊರಳಿದರೂ ಚೆಂಡಿನ ನೆತ್ತಿಗೆ ತಾಗುತ್ತದೆ. ತಾಗುವ ಹೊತ್ತಿಗೆ ಬಲ ಅಂಗೈ ಆಕಾಶ ನೋಡುತ್ತಿರಬೇಕು, ಎಡ ಅಂಗೈ ನೆಲ. ಹೊರಳುವುದು ಆಮೇಲೆ.

ಹಿಡಿತ ಬೆರಳುಗಳಲ್ಲಿರಲಿ, ಅಂಗೈಯೊಳಗೆ ಬಿಗಿಯಬೇಡಿ. ಬಾಗಿಲು ತಟ್ಟುವ ಗೆಣ್ಣುಗಳು ಎರಡೂ ಕೈಯಲ್ಲಿ ಹೆಚ್ಚುಕಡಿಮೆ ಒಂದೇ ಸಾಲಿಗೆ ಬಂದರೆ ಸಾಕು. ಅಂದಹಾಗೆ, ಮುಂದಿನ ಕಾಲು ಎಷ್ಟು ದೂರ ಇಡುತ್ತೀರಿ?

ಕೋಲಾರ
ದೊಡ್ಡ ಹೆಜ್ಜೆನೇ ಸರ್, ಕವರ್ ಡ್ರೈವ್‌ಗೆ ಹೋದ ಹಾಗೆ. ತಲೆಯೂ ಜೊತೆಗೆ ಹೋಗುತ್ತದೆ.

ತುಮಕೂರು
ಇದೂ ಒಂದು ಕಾರಣ. ಇಲ್ಲಿ ಚೆಂಡು ಪುಟಿಯುವುದಿಲ್ಲ, ಪುಟಿಯುವ ಜಾಗಕ್ಕೆ ಕಾಲು ಹಾಕುವ ಕೆಲಸವೇ ಇಲ್ಲ ಅಲ್ವಾ? ಗೇಣುದ್ದ ಹೆಜ್ಜೆ ಸಾಕು, ಮೆತ್ತಗೆ ಇಡಿ, ಭಾರ ಹಿಂಗಾಲಲ್ಲೇ ಇರಲಿ. ಮೊದಲು ಸೊಂಟ ತಿರುಗಲಿ, ಹಿಂದಿನ ಹಿಮ್ಮಡಿ ತಾನಾಗಿ ಏಳುತ್ತದೆ, ಕೈ ಅದರ ಹಿಂದೆ ಬರುತ್ತದೆ.

ಚಿಕ್ಕಬಳ್ಳಾಪುರ
ಮಧ್ಯೆ ಬರ್ತಿದ್ದೀನಿ. ಇದನ್ನೆಲ್ಲ ಬರುವ ಚೆಂಡಿಗೆ ಕಲಿಯೋದು ಕಷ್ಟ, ಟೀ (ಚೆಂಡು ಅಲುಗದಂತೆ ಕೂರಿಸುವ ಕಂಬ) ಮೇಲೆ ಕಲಿಯಿರಿ. ಕೊಳ್ಳೋದು ಬೇಡ. ಕೋಲಾರದಲ್ಲಿ ಟೊಮೆಟೊ ಕ್ರೇಟಿಗೆ ಬರವೇ? ಎರಡು ಜೋಡಿಸಿ, ಮೇಲೆ ಗೇಣುದ್ದ ಪಿವಿಸಿ ಪೈಪ್ ನೆಟ್ಟಗೆ ಕಟ್ಟಿ, ಬಾಯಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ ಚೆಂಡು ಕೂರಿಸಿ. ಮುಂದಿನ ಪಾದಕ್ಕಿಂತ ಸ್ವಲ್ಪ ಮುಂದಿರಲಿ. ಎದುರಿಗೆ ಶೇಡ್ ನೆಟ್ ಎರಡು ಮಡಿಕೆ ಮಾಡಿ ಇಳಿಬಿಡಿ. ಚೆಂಡು ನೆಟ್‌ನ ನಡುವಿಗೆ ನೇರ ಹೋದರೆ ಸರಿ, ಎಡಕ್ಕೆ ಕೆಳಗೆ ಹೋದರೆ ಮತ್ತೆ ಹೊರಳಿತು ಅಂತ ಲೆಕ್ಕ.

ಕೋಲಾರ
ಒಂದು ವಾರ, ದಿನಾ ಬೆಳಿಗ್ಗೆ 40 ಚೆಂಡು ಹೊಡೆದೆ. ಅರ್ಧಕ್ಕಿಂತ ಜಾಸ್ತಿ ನೇರ ಹೋಗುತ್ತಿವೆ! ತುಂಬಾ ಥ್ಯಾಂಕ್ಸ್. ಆದರೆ ಮೈದಾನದಲ್ಲಿ ಹೊರಗಡೆ ಬರುವ ಚೆಂಡು ಮಾತ್ರ ಇನ್ನೂ ಉರುಳುತ್ತದೆ.

ತುಮಕೂರು
ಅದನ್ನು ಎಡಕ್ಕೆ ಎಳೆಯುತ್ತಿದ್ದೀರಿ. ಇನ್ನೊಂಚೂರು ಕಾಯಿರಿ, ಮುಂದಿನ ಪಾದದ ನೇರಕ್ಕೆ ಬರಲಿ, ಬಲಗಡೆಗೇ ಹೊಡೆಯಿರಿ. ನಾಳೆ ಕ್ರೇಟನ್ನು ಅರ್ಧ ಅಡಿ ಹಿಂದಕ್ಕೆ, ನಿಮ್ಮಿಂದ ಸ್ವಲ್ಪ ದೂರಕ್ಕೆ ಸರಿಸಿ ನೋಡಿ.