ಸಹಾಯ ಬೇಕು: ಗೆಳತಿಯ ಮನೆಯ ವೈಫೈಗೆ ನನ್ನ ಲ್ಯಾಪ್‌ಟಾಪ್ ಸೇರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನಿರುವುದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಮಳೆ ಜೋರಾದರೆ ನಮ್ಮ ತೋಟದ ಮನೆಯಲ್ಲಿ ಮೊಬೈಲ್ ಸಿಗ್ನಲ್ ನಿಲ್ಲುವುದೇ ಇಲ್ಲ. ಹಾಗಾಗಿ ಬದಿಯಡ್ಕದ ಗೆಳತಿಯ ಮನೆಗೆ ಬಂದು ಕೂತಿದ್ದೇನೆ. ಕನ್ನಡ ಮಾಧ್ಯಮ ಶಿಕ್ಷಕರ ಹುದ್ದೆಗೆ ಕೇರಳ ಪಿಎಸ್‌ಸಿ (ಲೋಕಸೇವಾ ಆಯೋಗ) ಅರ್ಜಿ ತುಂಬಬೇಕು, ಉಳಿದಿರುವುದು ಎರಡೇ ದಿನ.

ಅವಳ ವೈಫೈಗೆ ನನ್ನ ಫೋನ್ ಕೂಡಲೇ ಸೇರಿತು. ಲ್ಯಾಪ್‌ಟಾಪ್ (ವಿಂಡೋಸ್ 10, ಹಳೆಯದು) ಮಾತ್ರ ಪಾಸ್‌ವರ್ಡ್ ತೆಗೆದುಕೊಂಡು, ಕನೆಕ್ಟ್ ಆಗಿದೆ, ಇಂಟರ್ನೆಟ್ ಇಲ್ಲ ಎನ್ನುತ್ತದೆ. ಕಮಾಂಡ್ ಪ್ರಾಂಪ್ಟಿನಲ್ಲಿ ಐಪಿಕಾನ್ಫಿಗ್ (ನೆಟ್‌ವರ್ಕ್ ವಿಳಾಸ ತೋರಿಸುವ ಕಮಾಂಡ್) ಹಾಕಿದರೆ 169.254 ಎಂದು ಶುರುವಾಗುವ ವಿಳಾಸ ಬರುತ್ತಿದೆ. ಅಂದರೆ ರೂಟರ್ ವಿಳಾಸ ಕೊಡದೆ ಲ್ಯಾಪ್‌ಟಾಪೇ ತನಗೊಂದು ಹಾಕಿಕೊಂಡಿದೆ, ಅಲ್ಲವೇ? ಐಪಿ ಸೆಟ್ಟಿಂಗ್ ಆಟೋಮ್ಯಾಟಿಕ್ಕಿನಲ್ಲೇ ಇದೆ. ನೆಟ್‌ವರ್ಕನ್ನು ಫರ್ಗೆಟ್ ಮಾಡಿ ಮತ್ತೆ ಸೇರಿಸಿದೆ, ರೂಟರನ್ನೂ ಒಮ್ಮೆ ಆಫ್ ಮಾಡಿ ಹಾಕಿದೆವು. ಏನೂ ಬದಲಾಗಲಿಲ್ಲ.

ರೂಟರ್ ರೀಸೆಟ್ ಮಾಡಿ ಎಂದು ಮಾತ್ರ ಹೇಳಬೇಡಿ. ಅವಳ ಅಣ್ಣ ಗಲ್ಫಿನಿಂದ ದಿನಾ ರಾತ್ರಿ ವಿಡಿಯೋ ಕಾಲ್ ಮಾಡುವುದು ಇದರಲ್ಲೇ, ಅವರಮ್ಮ ಅದಕ್ಕೇ ಕಾಯುತ್ತಿರುತ್ತಾರೆ. ನನ್ನಿಂದ ಅದು ತಪ್ಪಬಾರದು.

ವೈಫೈ ಡ್ರೈವರ್ (ವೈಫೈ ನಡೆಸುವ ಸಾಫ್ಟ್‌ವೇರ್) ತೆಗೆದು ಮತ್ತೆ ಹಾಕಿದರೆ ಸರಿಹೋದೀತೇ? ಸದ್ಯಕ್ಕೆ ಫೋನನ್ನು ಯುಎಸ್‌ಬಿ ವಯರಿನಲ್ಲಿ ಜೋಡಿಸಿ, ಅದಕ್ಕೆ ಬರುವ ವೈಫೈಯನ್ನೇ ಲ್ಯಾಪ್‌ಟಾಪಿಗೆ ಕೊಡಬಹುದೇ? ಗೊತ್ತಿದ್ದವರು ದಯವಿಟ್ಟು ತಿಳಿಸಿ, ಸಂಜೆಯವರೆಗೂ ಇಲ್ಲೇ ಇರುತ್ತೇನೆ.