ಮೇಲೆ 15 ಸೆಂ.ಮೀ. ಎಂದೆ, ಬಿದ್ದದ್ದು 8: ಚಳಿಗಾಲದ ಕೊನೆಗೆ ನನ್ನ ಹಿಮದ ಲೆಕ್ಕ ಯಾಕೆ ತಪ್ಪುತ್ತಿದೆ? [ಪರಿಹಾರ ಸಿಕ್ಕಿದೆ]

ಹೆಪ್ಪುಗಟ್ಟಿದವ:

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಸ್ಕೀ ಗುಡ್ಡಕ್ಕೆ ದಿನಾ ಬೆಳಿಗ್ಗೆ ಆರೂವರೆಗೆ ಹವಾಮಾನದ ಬೋರ್ಡ್ ಬರೆಯುವುದು ನನ್ನ ಕೆಲಸ. ಸಂಬಳ ಇಲ್ಲ, ಸುಮ್ನೆ ಹುಚ್ಚು. ಕೆಳಗಿನ ಸ್ಟೇಷನ್ 1800 ಮೀಟರ್, ಲಿಫ್ಟ್ ಮುಗಿಯುವ ತುದಿ 2400 ಮೀಟರ್. ಒಂದು ಉಚಿತ ಎಪಿಐಯಿಂದ (ಸ್ಕ್ರಿಪ್ಟ್ ಕೇಳಿದರೆ ಡೇಟಾ ಕಳಿಸುವ ಆನ್‌ಲೈನ್ ಸೇವೆ) ಹವಾಮಾನ ಮಾಡೆಲ್‌ನ, ಅಂದರೆ ಕಂಪ್ಯೂಟರ್ ಮುನ್ಸೂಚನೆಯ, ಡೇಟಾ ತರಿಸಿಕೊಂಡು, ನಾನೇ ಬರೆದ ಪೈಥಾನ್ ಸ್ಕ್ರಿಪ್ಟ್‌ನಲ್ಲಿ ಎರಡೂ ಎತ್ತರಕ್ಕೆ ತಾಪಮಾನ ಎಷ್ಟು, ಹಿಮ ಎಷ್ಟು ಎಂದು ಲೆಕ್ಕ ಹಾಕುತ್ತೇನೆ.

ಜನವರಿ ಪೂರ್ತಿ ಚೆನ್ನಾಗಿಯೇ ನಡೆಯಿತು. ಮಾರ್ಚ್ ಶುರುವಾದದ್ದೇ ಮರ್ಯಾದೆ ಹೋಗುತ್ತಿದೆ. ಮಂಗಳವಾರ ತುದಿಯಲ್ಲಿ 15 ಸೆಂ.ಮೀ. ಪುಡಿ ಹಿಮ, ಕೆಳಗೆ ಬರೀ ಮಳೆ ಎಂದು ಬರೆದೆ. ತುದಿಯಲ್ಲಿ ಬಿದ್ದದ್ದು 8 ಸೆಂ.ಮೀ., ಅದೂ ಗಟ್ಟಿ ಮೊಸರಿನ ಹಾಗೆ. ಕೆಳಗೆ ಮಳೆಯೇ ಇಲ್ಲ. ಹಸಿ ಹಿಮ ಬೋರ್ಡಿಗೇ ಅಂಟಿಕೊಂಡು ನಾನು ಬರೆದ "ಮಳೆ" ಅನ್ನೋ ಪದವನ್ನು ಮುಚ್ಚಿಬಿಟ್ಟಿತ್ತು. ಜನ ಅದರ ಫೋಟೋ ಬೇರೆ ತೆಗೆದುಕೊಂಡರು.

ಮಾಡೆಲ್ ಬದಲಾಯಿಸಬೇಕಾ? ಇಲ್ಲಾ ಹಿಮದ ಅನುಪಾತದ ಪಟ್ಟಿ (ಎಷ್ಟು ನೀರಿಗೆ ಎಷ್ಟು ಎತ್ತರದ ಹಿಮ ಅನ್ನೋದು) ತಪ್ಪಾ? ದಿಕ್ಕೇ ತೋಚುತ್ತಿಲ್ಲ.

ಮೋಡಬಿಡಿಸು:

ಯಾವ ಮಾಡೆಲ್ ಅದು? ಅಮೆರಿಕದ ಜಿಎಫ್‌ಎಸ್ ಆದರೆ ಗ್ರಿಡ್ (ಮಾಡೆಲ್ ನೆಲವನ್ನು ಹಂಚಿಕೊಳ್ಳುವ ಚೌಕದ ಅಗಲ) ಸುಮಾರು 13 ಕಿ.ಮೀ. ಅದರ ಕಣ್ಣಿಗೆ ನಿಮ್ಮ ಗುಡ್ಡ ಒಂದು ದಿಬ್ಬ. ಯುರೋಪಿನ ಇಸಿಎಂಡಬ್ಲ್ಯುಎಫ್ 9 ಕಿ.ಮೀ., ಅದೂ ಅಷ್ಟರಲ್ಲೇ ಇದೆ. ನಿಮ್ಮ ಜಾಗಕ್ಕೆ 2-3 ಕಿ.ಮೀ. ಗ್ರಿಡ್ಡಿನ ಮಾಡೆಲ್ ಸಿಕ್ಕರೆ ಕಣ್ಣು ಮುಚ್ಚಿ ಅದಕ್ಕೆ ಹೋಗಿ.

ಹಳೇಬ್ಯಾರೋಮೀಟರ್:

ಕಣ್ಣು ಮುಚ್ಚಿ ಎಲ್ಲಿಗೂ ಹೋಗಬೇಡಿ. ಮೊದಲು ಎರಡು ವಿಷಯ ಹೇಳಿ.

ಒಂದು, ಬಿದ್ದ ಆ 8 ಸೆಂ.ಮೀ.ನಲ್ಲಿ ನೀರೆಷ್ಟಿತ್ತು? ಸ್ಕೇಲಿನಲ್ಲಿ ಎತ್ತರ ಅಳೆದರೆ ಅರ್ಧ ವಿಷಯ ಮಾತ್ರ ಗೊತ್ತಾಗುತ್ತದೆ. ಮಾಡೆಲ್ ನೀರು ಎಷ್ಟೆಂದು ಹೇಳುತ್ತದೆ, ಅದನ್ನು ಹಿಮದ ಎತ್ತರಕ್ಕೆ ತಿರುಗಿಸುವುದು ನಿಮ್ಮ ಸ್ಕ್ರಿಪ್ಟ್. ತಪ್ಪಿದ್ದು ಇಬ್ಬರಲ್ಲಿ ಯಾರು ಅನ್ನೋದು ಮೊದಲು ಗೊತ್ತಾಗಬೇಕು.

ಎರಡು, ತುದಿ ಮತ್ತು ಕೆಳಗಿನ ಸ್ಟೇಷನ್ನಿನ ತಾಪಮಾನ: ನೀವು ಹೇಳಿದ್ದೆಷ್ಟು, ಥರ್ಮಾಮೀಟರ್ ತೋರಿಸಿದ್ದೆಷ್ಟು? ಒಂದೇ ದಿನದ್ದು ಸಾಲದು, ಮೂರ್ನಾಲ್ಕು ದಿನದ್ದು ಕೊಡಿ.

ಹೆಪ್ಪುಗಟ್ಟಿದವ:

ಹಿಮ ಅಳೆಯಲು ಇಟ್ಟ ಹಲಗೆಯ ಮೇಲಿನ ಹಿಮ ತೆಗೆದಿಟ್ಟಿದ್ದೆ ಸರ್, ಅದೃಷ್ಟ. 10 ಸೆಂ.ಮೀ. ವ್ಯಾಸದ ಕೊಳವೆಯನ್ನು ಹಲಗೆವರೆಗೂ ಒತ್ತಿ, ಒಳಗಿದ್ದದ್ದನ್ನು ಮುಚ್ಚಳದ ಡಬ್ಬಿಗೆ ಹಾಕಿದ್ದೆ. ಅಡುಗೆಮನೆ ತಕ್ಕಡಿಯಲ್ಲಿ 91 ಗ್ರಾಂ ಬಂತು. ಅದನ್ನು ಮಿ.ಮೀ.ಗೆ ತಿರುಗಿಸೋದು ಹೇಗೆ?

ತಾಪಮಾನ ಹೀಗಿದೆ:

ಮಂಗಳವಾರ, ಮೋಡ ಮತ್ತು ಹಿಮ. ತುದಿ: ಹೇಳಿದ್ದು −3.7, ಇದ್ದದ್ದು −1.5. ಕೆಳಗೆ: ಹೇಳಿದ್ದು 4.1, ಇದ್ದದ್ದು 1.6.
ಗುರುವಾರ, ಮೋಡ. ತುದಿ: ಹೇಳಿದ್ದು −5.2, ಇದ್ದದ್ದು −3.4. ಕೆಳಗೆ: ಹೇಳಿದ್ದು 2.6, ಇದ್ದದ್ದು 0.7.
ಶನಿವಾರ ಬೆಳಿಗ್ಗೆ 6, ಪೂರ್ತಿ ಶುಭ್ರ. ತುದಿ: ಹೇಳಿದ್ದು −6.9, ಇದ್ದದ್ದು −4.2. ಕೆಳಗೆ: ಹೇಳಿದ್ದು 0.9, ಇದ್ದದ್ದು −9.0 (!!)

ಶನಿವಾರದ್ದು ನೋಡಿ ಸೆನ್ಸರ್ರೇ ಕೆಟ್ಟಿದೆ ಅಂದುಕೊಂಡೆ.

ಹಳೇಬ್ಯಾರೋಮೀಟರ್:

ಶನಿವಾರ ಆಮೇಲೆ. ಅದು ಬೇರೆಯೇ ಕಥೆ. ಎರಡನ್ನೂ ಕಲಸಿದರೆ ಇಬ್ಬರಿಗೂ ತಲೆ ಕೆಡುತ್ತದೆ.

ಮೊದಲು ನೀರು. ನಿಮ್ಮ ಕೊಳವೆಯ ಬಾಯಿ 78.5 ಚದರ ಸೆಂ.ಮೀ. ಹಾಗಾಗಿ 7.85 ಗ್ರಾಂಗೆ 1 ಮಿ.ಮೀ. ನಿಮ್ಮ 91 ಗ್ರಾಂ ಅಂದರೆ 11.6 ಮಿ.ಮೀ. ಮಾಡೆಲ್ ಎಷ್ಟು ಹೇಳಿತ್ತು?

ಹೆಪ್ಪುಗಟ್ಟಿದವ:

12. ಅಯ್ಯೋ, ಅದು ಸರಿಯಾಗಿಯೇ ಹೇಳಿತ್ತಲ್ಲ!

ಹಳೇಬ್ಯಾರೋಮೀಟರ್:

ಹೌದು, ಮಳೆ-ಹಿಮದ ಲೆಕ್ಕದಲ್ಲಿ ಅದರ ತಪ್ಪಿಲ್ಲ. 12 ಮಿ.ಮೀ. ನೀರನ್ನು ನಿಮ್ಮ ಸ್ಕ್ರಿಪ್ಟ್ 15 ಸೆಂ.ಮೀ. ಮಾಡಿತು. ಅಂದರೆ ಒಂದಕ್ಕೆ ಹನ್ನೆರಡೂವರೆ ಪಟ್ಟು. ನಿಜಕ್ಕೂ ಬಿದ್ದದ್ದು ಏಳು ಪಟ್ಟು. −3.7ರಲ್ಲಿ ಹನ್ನೆರಡು ಸಿಗಬಹುದು. −1.5ರಲ್ಲಿ ಹರಳುಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿ ಕುಸಿಯುತ್ತವೆ, ಏಳೆಂಟು ಸಿಕ್ಕರೆ ಪುಣ್ಯ. ಹಾಗಾಗಿ ಪಟ್ಟಿಗೆ ಕೈ ಹಚ್ಚಬೇಡಿ, ಅದಕ್ಕೆ ಕೊಟ್ಟ ತಾಪಮಾನವೇ ತಪ್ಪು.

ಈಗ ಮಂಗಳವಾರ, ಗುರುವಾರದ ಅಂಕಿ ಮತ್ತೊಮ್ಮೆ ನೋಡಿ. ತುದಿಯಲ್ಲಿ ನೀವು ಎರಡು ಡಿಗ್ರಿ ಜಾಸ್ತಿ ಚಳಿ ಹೇಳುತ್ತಿದ್ದೀರಿ. ಕೆಳಗೆ ಎರಡು ಡಿಗ್ರಿ ಜಾಸ್ತಿ ಬಿಸಿ. ಮಾಡೆಲ್ಲಿನ ಗಾಳಿಯೇ ಚಳಿಯದ್ದಾಗಿದ್ದರೆ ಎರಡೂ ಕಡೆ ಒಂದೇ ದಿಕ್ಕಿಗೆ ತಪ್ಪಬೇಕಿತ್ತು. ಇಲ್ಲಿ ತಪ್ಪು ಹೆಚ್ಚುಕಡಿಮೆ ಅಷ್ಟೇ ಇದೆ, ದಿಕ್ಕು ಮಾತ್ರ ಉಲ್ಟಾ. ಎಲ್ಲೋ ಎತ್ತರದ ಲೆಕ್ಕ ಎರಡು ಸಲ ಬಿದ್ದಿದೆ ಅನ್ನೋದು ನನ್ನ ಅನುಮಾನ. ಸ್ಕ್ರಿಪ್ಟ್‌ನಲ್ಲಿ ಎತ್ತರಕ್ಕೆ ಹೇಗೆ ಸರಿಹೊಂದಿಸುತ್ತೀರಿ?

ಹೆಪ್ಪುಗಟ್ಟಿದವ:

ಮಾಡೆಲ್ ಗ್ರಿಡ್ಡಿನ ಎತ್ತರ 2100 ಮೀಟರ್. ಅಲ್ಲಿಂದ ತುದಿಗೆ 300 ಮೀಟರ್ ಮೇಲೆ, ಸ್ಟೇಷನ್ನಿಗೆ 300 ಮೀಟರ್ ಕೆಳಗೆ. ಕಿಲೋಮೀಟರಿಗೆ 6.5 ಡಿಗ್ರಿ ಹಿಡಿದು ಎರಡೆರಡು ಡಿಗ್ರಿ ಕಳೆಯುತ್ತೇನೆ, ಕೂಡಿಸುತ್ತೇನೆ. ಅದೇ ಸರಿ ತಾನೇ?

ಕೋಡ್‌ಕಂಬಳಿ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಎಪಿಐಗೆ ಎತ್ತರವನ್ನೂ ಕಳಿಸುತ್ತೀರಾ? ಕೆಲವು ಸೇವೆಗಳು ನೀವು ಕೊಟ್ಟ ಎತ್ತರಕ್ಕೆ ತಾವೇ ಸರಿಹೊಂದಿಸಿ ಕೊಡುತ್ತವೆ. ಎತ್ತರ ಕೊಡದಿದ್ದರೂ ನಕ್ಷೆ ನೋಡಿ ತಾವೇ ಹಿಡಿದುಕೊಳ್ಳುತ್ತವೆ. ಪರೀಕ್ಷೆ ಸುಲಭ. ಒಂದೇ ಅಕ್ಷಾಂಶ-ರೇಖಾಂಶ ಇಟ್ಟುಕೊಂಡು ಎತ್ತರ ಮಾತ್ರ 1800 ಒಂದ್ಸಲ, 2400 ಒಂದ್ಸಲ ಕಳಿಸಿ. ಉತ್ತರ ಒಂದೇ ಬಂದರೆ ಅದು ಕಚ್ಚಾ ಡೇಟಾ. ಬೇರೆ ಬೇರೆ ಬಂದರೆ ಅಲ್ಲೇ ಹೊಂದಿಸಿ ಕಳಿಸುತ್ತಿದ್ದಾರೆ.

ಹೆಪ್ಪುಗಟ್ಟಿದವ:

ಈಗಷ್ಟೇ ಮಾಡಿದೆ. ಎಲ್ಲ ಗಂಟೆಗೂ ವ್ಯತ್ಯಾಸ 3.9 ಡಿಗ್ರಿ. ಒಂದು ಗಂಟೆಗೂ ಬದಲಾಗಲ್ಲ.

600 ಮೀಟರಿಗೆ 6.5ರ ಲೆಕ್ಕದಲ್ಲಿ 3.9. ಅವರು ಒಮ್ಮೆ ಮಾಡಿ ಕಳಿಸಿದ್ದನ್ನು ನಾನು ಇನ್ನೊಮ್ಮೆ ಮಾಡುತ್ತಿದ್ದೆ. ಅವರ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ, ನಾನು ಓದಿರಲಿಲ್ಲ. ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸುತ್ತಿದೆ.

ಆದರೆ ಜನವರಿಯಲ್ಲಿ ಯಾಕೆ ಗೊತ್ತಾಗಲಿಲ್ಲ?

ಹಳೇಬ್ಯಾರೋಮೀಟರ್:

−10 ಇದ್ದಾಗ −12 ಎಂದರೆ ಯಾರು ಕೇಳುತ್ತಾರೆ? ಎರಡೂ ಹಿಮವೇ. ಕೆಳಗೆ −5 ಇದ್ದಾಗ −3 ಎಂದರೂ ಹಿಮವೇ. ಈಗ ಗುಡ್ಡದ ಅರ್ಧ ಸೊನ್ನೆಯ ಈ ಕಡೆ, ಇನ್ನರ್ಧ ಆ ಕಡೆ. ಎರಡು ಡಿಗ್ರಿಯಲ್ಲಿ ಮಳೆಯೋ ಹಿಮವೋ ಅನ್ನೋದೇ ತೀರ್ಮಾನ ಆಗಿಬಿಡುತ್ತದೆ. ಅಂದಹಾಗೆ, ತುದಿಗೆ ಥರ್ಮಾಮೀಟರ್ ಹಾಕಿದ್ದು ಯಾವಾಗ?

ಹೆಪ್ಪುಗಟ್ಟಿದವ:

ಫೆಬ್ರವರಿ ಕೊನೆಗೆ. 😐

ಹಳೇಬ್ಯಾರೋಮೀಟರ್:

ಅಲ್ಲಿಗೆ ಸರಿಹೋಯಿತು.

ಇನ್ನೊಂದು. ಕೆಳಗೆ ಮಳೆಯೋ ಹಿಮವೋ ಅಂತ ಗಾಳಿಯ ತಾಪಮಾನ ನೋಡಿ ತೀರ್ಮಾನಿಸಬೇಡಿ, ವೆಟ್ ಬಲ್ಬ್ (ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ತಾಪಮಾನ) ನೋಡಿ. ಗಾಳಿ ಒಣಗಿದ್ದರೆ ಬೀಳುವ ಹರಳಿನ ಮೈಯಿಂದ ನೀರು ಆವಿಯಾಗಿ ಅದನ್ನು ತಣ್ಣಗೆ ಇಡುತ್ತದೆ. ಮಂಗಳವಾರ ಕೆಳಗೆ 1.6 ಡಿಗ್ರಿ ಇತ್ತು. ತೇವಾಂಶ 80% ಆಸುಪಾಸು ಇದ್ದಿದ್ದರೆ ಡ್ಯೂ ಪಾಯಿಂಟ್ (ಗಾಳಿಯ ತೇವ ಇಬ್ಬನಿಯಾಗತೊಡಗುವ ತಾಪಮಾನ) −1.5. ಕೈಲೆಕ್ಕಕ್ಕೆ, ಗಾಳಿಯಿಂದ ಡ್ಯೂ ಪಾಯಿಂಟಿಗೆ ಇರುವ ಅಂತರದಲ್ಲಿ ಮೂರನೇ ಒಂದು ಭಾಗ ಕಳೆಯಿರಿ. ಅರ್ಧ ಡಿಗ್ರಿ ಬರುತ್ತದೆ. ಅಷ್ಟರಲ್ಲಿ ಬೀಳುವುದು ಹಸಿ ಹಿಮವೇ. ಒಂದು ಡಿಗ್ರಿ ದಾಟಿದ ಮೇಲೆ ಕಲಬೆರಕೆ ಶುರು, ಆಮೇಲೆ ಮಳೆ. ಸೊನ್ನೆ ಡಿಗ್ರಿಯ ಎತ್ತರ ಇಷ್ಟು ಎಂದು ಮಾಡೆಲ್ ಹೇಳಿದರೆ, ಹಿಮ ಅದಕ್ಕಿಂತ ಇನ್ನೂ 200-300 ಮೀಟರ್ ಕೆಳಗಿನವರೆಗೂ ಬೀಳುತ್ತದೆ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಮೋಡಬಿಡಿಸು:

ಸರಿ, ನನ್ನ ಮಾತು ವಾಪಸ್. ಆದರೂ ಒಂದು ಸಲಹೆ. ಕಳೆದ 7 ದಿನದ ತಪ್ಪಿನ ಸರಾಸರಿ ತೆಗೆದು ದಿನಾ ಕಳೆಯುತ್ತಾ ಹೋದರೆ ಎಲ್ಲ ತಾನಾಗಿ ಸರಿಹೋಗಲ್ವಾ?

ಹಳೇಬ್ಯಾರೋಮೀಟರ್:

ಇವರ ಶನಿವಾರ ನೋಡಿ. ಮೋಡದ ದಿನ ಕೆಳಗೆ 2 ಡಿಗ್ರಿ ತಪ್ಪು, ಶುಭ್ರ ರಾತ್ರಿ 10 ಡಿಗ್ರಿ ತಪ್ಪು. ಸರಾಸರಿ ತೆಗೆದರೆ ಎರಡಕ್ಕೂ ಉಪಯೋಗಕ್ಕೆ ಬಾರದ ಒಂದು ಸಂಖ್ಯೆ ಸಿಗುತ್ತದೆ. ಮಾಡುವುದೇ ಆದರೆ ಮೋಡದ ರಾತ್ರಿ ಬೇರೆ, ಶುಭ್ರ ರಾತ್ರಿ ಬೇರೆ ಪುಸ್ತಕದಲ್ಲಿ ಬರೆದಿಡಿ.

ಈಗ ಶನಿವಾರಕ್ಕೆ ಬರೋಣ. ತಪ್ಪು ಸರಿಪಡಿಸಿದ ಮೇಲೂ ಲೆಕ್ಕದ ಪ್ರಕಾರ ತುದಿ −5, ಕೆಳಗೆ −1. ಇದ್ದದ್ದು ತುದಿ −4.2, ಕೆಳಗೆ −9. ಅಂದರೆ ಕೆಳಗೇ ಜಾಸ್ತಿ ಚಳಿ. ಸ್ಟೇಷನ್ ಬಟ್ಟಲಿನಂಥ ಜಾಗದಲ್ಲಿದೆಯೇ?

ಹೆಪ್ಪುಗಟ್ಟಿದವ:

ಹೌದು, ಮೂರು ಕಡೆ ಇಳಿಜಾರು, ಒಂದು ಕಡೆ ಹಳ್ಳ.

ಹಳೇಬ್ಯಾರೋಮೀಟರ್:

ಹಾಗಾದರೆ ಸೆನ್ಸರ್ ಕೆಟ್ಟಿಲ್ಲ. ಇದು ಇನ್ವರ್ಶನ್, ಮೇಲಿಗಿಂತ ಕೆಳಗಿನ ಗಾಳಿಯೇ ತಣ್ಣಗಿರೋದು. ಶುಭ್ರ ಆಕಾಶ, ಗಾಳಿ ಇಲ್ಲ. ಹಿಮದ ಮೇಲ್ಮೈ ರಾತ್ರಿಯೆಲ್ಲ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಅದನ್ನು ಮುಟ್ಟಿದ ಗಾಳಿ ತಣ್ಣಗಾಗಿ, ಭಾರವಾಗಿ, ಜಾರಿ ಬಂದು ಬಟ್ಟಲಿನಲ್ಲಿ ನಿಲ್ಲುತ್ತದೆ. 9 ಕಿ.ಮೀ. ಗ್ರಿಡ್ಡಿಗೆ ನಿಮ್ಮ ಬಟ್ಟಲು ಕಾಣುವುದೇ ಇಲ್ಲ. ಅಂಥ ರಾತ್ರಿ 6.5ರ ಸೂತ್ರವನ್ನು ಕೆಳಗಿನ ಸ್ಟೇಷನ್ನಿಗೆ ಹಾಕಲೇಬೇಡಿ. ಹಿಂದಿನ ಶುಭ್ರ ರಾತ್ರಿಗಳ ನಿಮ್ಮದೇ ಅಳತೆ ನೋಡಿ ಬರೆಯಿರಿ.

ಸೊನ್ನೆಡಿಗ್ರಿ:

ಒಂದು ಸಣ್ಣ ವಿಷಯ, ಯಾರೂ ಹೇಳಲಿಲ್ಲ. ಕೆಳಗಿನ ಸೆನ್ಸರ್ ಎಷ್ಟು ಎತ್ತರದಲ್ಲಿದೆ?

ಹೆಪ್ಪುಗಟ್ಟಿದವ:

2 ಮೀಟರ್ ಕಂಬ, ನಿಯಮದ ಪ್ರಕಾರ.

ಸೊನ್ನೆಡಿಗ್ರಿ:

ನೆಲದಿಂದಲೋ, ಹಿಮದಿಂದಲೋ?

ಹೆಪ್ಪುಗಟ್ಟಿದವ:

...ನೆಲದಿಂದ. ಈಗ 1.3 ಮೀಟರ್ ಹಿಮ ಇದೆ. ಅಂದರೆ ಹಿಮದಿಂದ ಬರೀ 70 ಸೆಂ.ಮೀ. ಛೇ.

ಸೊನ್ನೆಡಿಗ್ರಿ:

ಹಿಮ ಏರಿದ ಹಾಗೆ ಕಂಬವನ್ನೂ ಏರಿಸಬೇಕು. ಸೀಸನ್ ಶುರುವಿನಲ್ಲಿ ನೆಟ್ಟು ಮರೆತರೆ ಹೀಗೇ. −9ರಲ್ಲಿ ಒಂದಿಷ್ಟು ಭಾಗ ಇದರದ್ದೂ ಇರುತ್ತದೆ, ಶುಭ್ರ ರಾತ್ರಿ ಹಿಮಕ್ಕೆ ಹತ್ತಿರ ಹೋದಷ್ಟೂ ಚಳಿ ಜಾಸ್ತಿ. ಹಗಲು ಇದಕ್ಕೆ ಉಲ್ಟಾ. ಮಾರ್ಚ್ ಬಿಸಿಲು ಹೊಸ ಹಿಮಕ್ಕೆ ಬಡಿದು 80% ಮೇಲೇ ವಾಪಸ್ ಬರುತ್ತದೆ. ಸೆನ್ಸರಿನ ಬಿಳಿ ತಟ್ಟೆಗಳು ಮೇಲಿನ ಬಿಸಿಲು ತಡೆಯುತ್ತವೆ, ಕೆಳಗಿಂದ ನುಗ್ಗುವುದನ್ನು ಅಷ್ಟು ತಡೆಯಲ್ಲ. ಗಾಳಿ ಇಲ್ಲದ ಮಧ್ಯಾಹ್ನ ನಿಮ್ಮ ಸೆನ್ಸರ್ ಹೇಳೋದನ್ನು ನಂಬಿ ಮಾಡೆಲ್ಲನ್ನು ಬೈಯಬೇಡಿ. ಒಳಗೆ ಫ್ಯಾನ್ ಇರುವ ಕವಚ ಹಾಕಿ, ಆಗದಿದ್ದರೆ ಹೋಲಿಕೆಗೆ ಮೋಡದ ಹೊತ್ತಿನ ಅಳತೆ ಮಾತ್ರ ತಗೊಳ್ಳಿ.

ನಾನು ರಾತ್ರಿ ಸ್ಲೋಪ್ ಹದ ಮಾಡುವ ಯಂತ್ರ ಓಡಿಸುತ್ತಿದ್ದವನು. ನಮಗೆ ಬೋರ್ಡಿನಿಂದ ಬೇಕಾದದ್ದು ಒಂದೇ, ರಾತ್ರಿ ಹಿಮ ಗಟ್ಟಿಯಾಗುತ್ತದೋ ಇಲ್ಲವೋ. ಅದಕ್ಕೆ ಗಾಳಿಯ ತಾಪಮಾನ ಒಂದನ್ನೇ ಬರೆದರೆ ಮೋಸ. ಗಾಳಿ +2 ಇದ್ದರೂ ಆಕಾಶ ಶುಭ್ರವಾಗಿ ಡ್ಯೂ ಪಾಯಿಂಟ್ −8 ಇದ್ದರೆ ಬೆಳಗಿನ ಜಾವ ಮೇಲ್ಪದರ ಕಲ್ಲಾಗಿರುತ್ತದೆ. ಗಾಳಿ −1 ಇದ್ದು ದಪ್ಪ ಮೋಡ ಮುಚ್ಚಿದ್ದರೆ ತೆಳ್ಳಗೆ ಒಂದು ಸಿಪ್ಪೆ, ಕೆಳಗೆ ರವೆಯ ಗಂಜಿ. ರಾತ್ರಿ ಮೋಡ ಎಷ್ಟು, ಡ್ಯೂ ಪಾಯಿಂಟ್ ಎಷ್ಟು, ಇವೆರಡನ್ನು ಬೋರ್ಡಿಗೆ ಸೇರಿಸಿ. ಯಂತ್ರದವರು ನಿಮಗೆ ಕಾಫಿ ಕೊಡಿಸುತ್ತಾರೆ.

ಹೆಪ್ಪುಗಟ್ಟಿದವ:

ಇವತ್ತೇ ಸೇರಿಸುತ್ತೇನೆ. ಹಸಿ ಹಿಮ ಜಾರುವ ಅಪಾಯವನ್ನೂ ಇದರಿಂದಲೇ ಹೇಳಬಹುದಾ?

ಸೊನ್ನೆಡಿಗ್ರಿ:

ಬೇಡ. ಅದಕ್ಕೆ ಹಿಮದಲ್ಲಿ ಗುಂಡಿ ತೋಡಿ ಪದರ ನೋಡಲು ಕಲಿತವರು ಬೇಕು. ಹಿಮ ಗಟ್ಟಿಯಾಗದ ರಾತ್ರಿಯ ಮಾಹಿತಿಯನ್ನು ಅವರಿಗೆ ಬೇಗ ತಲುಪಿಸಿ, ಎಚ್ಚರಿಕೆ ಅವರು ಕೊಡಲಿ.

ಹೆಪ್ಪುಗಟ್ಟಿದವ (ಹತ್ತು ದಿನದ ನಂತರ):

ವರದಿ ಒಪ್ಪಿಸುತ್ತಿದ್ದೇನೆ. ಎರಡನೇ ಸಲದ ಲೆಕ್ಕ ತೆಗೆದುಹಾಕಿದೆ, ಒಂದೇ ಸಾಲು ಅಳಿಸಿದ್ದು. ವೆಟ್ ಬಲ್ಬ್ ಹಾಕಿದೆ. ಕಂಬಕ್ಕೆ ಇನ್ನೊಂದು ಪೈಪ್ ಕಟ್ಟಿ ಏರಿಸಿದೆ. ನಿನ್ನೆ ತುದಿಗೆ −0.9 ಎಂದೆ, ಇದ್ದದ್ದು −1.1. ಹಿಮ 9 ಎಂದೆ, ಬಿದ್ದದ್ದು 8. ಈ ಸಲದ 8 ನೋಡಿ ಎಷ್ಟು ಖುಷಿಯಾಯಿತು ಗೊತ್ತಾ!

ಕೆಳಗೆ ಮಾತ್ರ ಒಂದು ವಿಚಿತ್ರ. 2.4 ಡಿಗ್ರಿ ಇತ್ತು, ಮಳೆ ಎಂದು ಬರೆದಿದ್ದೆ. ಎರಡು ಗಂಟೆ ಮಳೆಯೇ ಬಂತು. ಆಮೇಲೆ ಜೋರಾಗಿ ಸುರಿಯತೊಡಗಿ, ನೋಡನೋಡುತ್ತಾ 0.2ಕ್ಕೆ ಇಳಿದು ದೊಡ್ಡ ದೊಡ್ಡ ಹಿಮದ ಚಕ್ಕೆ. ಹೊಸ ತಣ್ಣನೆ ಗಾಳಿ ಬಂದಿರಲಿಲ್ಲ, ತುದಿಯ ತಾಪಮಾನ ಅಲ್ಲಾಡಲೇ ಇಲ್ಲ. ಮತ್ತೆ ಏನಾದರೂ ಎರಡು ಸಲ ಕೂಡಿಸುತ್ತಿದ್ದೇನಾ?

ಹಳೇಬ್ಯಾರೋಮೀಟರ್:

ಇಲ್ಲ ಇಲ್ಲ, ಈ ಸಲ ನಿಮ್ಮ ಸ್ಕ್ರಿಪ್ಟ್ ತಪ್ಪಿಲ್ಲ. ಹಿಮ ಕರಗಲು ಶಾಖ ಬೇಕು, ಕಿಲೋಗೆ 334 ಕಿಲೋಜೂಲ್. ಅದನ್ನು ಸುತ್ತಲಿನ ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ. 300 ಮೀಟರ್ ದಪ್ಪದ ಗಾಳಿಯಲ್ಲಿ 2 ಮಿ.ಮೀ. ನೀರಿನಷ್ಟು ಹಿಮ ಕರಗಿದರೆ ಆ ಗಾಳಿ ಹೆಚ್ಚುಕಡಿಮೆ 2 ಡಿಗ್ರಿ ಇಳಿಯುತ್ತದೆ. ಬಟ್ಟಲಿನಂಥ ಜಾಗದಲ್ಲಿ ಬೀಸುಗಾಳಿ ಇಲ್ಲದಿದ್ದರೆ ಹೊಸ ಬಿಸಿಗಾಳಿ ಬಂದು ತುಂಬುವುದಿಲ್ಲ. ಸೊನ್ನೆಗೆ ಬಂದು ನಿಂತುಬಿಡುತ್ತದೆ, ಆಮೇಲೆ ಬೀಳುವ ಹಿಮ ಕರಗದೆ ನೆಲ ಮುಟ್ಟುತ್ತದೆ.

ಕೆಳಗೆ 3 ಡಿಗ್ರಿ ಒಳಗೆ, ಗಾಳಿ ನಿಧಾನ, ಗಂಟೆಗೆ 2 ಮಿ.ಮೀ.ಗಿಂತ ಜಾಸ್ತಿ ಸುರಿಯುವ ಮುನ್ಸೂಚನೆ. ಈ ಮೂರೂ ಕೂಡಿದ ದಿನ ಬೋರ್ಡಿನಲ್ಲಿ "ಮಳೆ, ಜೋರಾದರೆ ಹಿಮ" ಎಂದು ಬರೆಯಿರಿ.

ಹೆಪ್ಪುಗಟ್ಟಿದವ:

ಬರೆಯುತ್ತೇನೆ ಸರ್. ಬೋರ್ಡ್ ಮೇಲೆ ಒಂದು ಸಣ್ಣ ಸೂರು ಕಟ್ಟಿಸಿದ್ದೇನೆ, ಈ ಸಲ ಅಕ್ಷರ ಮುಚ್ಚಿಹೋಗಲ್ಲ.